ಹಾಲು ಬಿಡಬೇಡಿರಿ

ಚಿಮ್ಮನಚೋಡ
4 ಸೆಪ್ಟೆಂಬರ್ 1943

ಬೀಗರಾದ ಗುರುಲಿಂಗಯ್ಯನವರಿಗೆ ಶಿವಕಾಂತಮ್ಮನ ಶರಣು.

ನನ್ನ ಅಕ್ಷರ ಕಂಡೊಡನೆ ನಿಮಗೆ ಗಾಬರಿಯಾಗುತ್ತದೆ ಎಂದು ಬಲ್ಲೆ. ನಿಮ್ಮ ತಂಗಿಯನ್ನು ನನ್ನ ತಮ್ಮ ಮಡಿವಾಳಯ್ಯನಿಗೆ ಕೊಟ್ಟು ಮೂರು ವರ್ಷವಾಯಿತು. ಅಷ್ಟರಲ್ಲಿ ನಾನು ನಿಮಗೆ ಬರೆದದ್ದು ಎರಡೇ ಸಲ. ಭಾಗಮ್ಮ ಬಸುರಿ ಎಂದು ಒಮ್ಮೆ, ಹೆಣ್ಣು ಕೂಸು ಹುಟ್ಟಿತು, ನಿಮ್ಮ ತಾಯಿಯ ಹೆಸರಿಟ್ಟು ಬಸ್ಸಮ್ಮ ಎಂದು ಕರೆದೆವು ಎಂದು ಇನ್ನೊಮ್ಮೆ. ಇದು ಅಂಥ ಪತ್ರವಲ್ಲ.

ಭಾಗಮ್ಮ ಚಳಿಜ್ವರ ಬಂದು ಮಲಗಿ ಇವತ್ತಿಗೆ ಹನ್ನೆರಡು ದಿನ. ಮಧ್ಯಾಹ್ನ ಚಳಿ ಹತ್ತುತ್ತದೆ, ಮನೆಯಲ್ಲಿರುವ ಕೌದಿಯೆಲ್ಲ ಹೊದಿಸಿದರೂ ಮಂಚ ಗಡಗಡ ಅನ್ನುತ್ತದೆ. ಆಮೇಲೆ ಜ್ವರ ಏರಿ ಏನೇನೋ ಮಾತಾಡುತ್ತಾಳೆ. ನಿನ್ನೆ ನನ್ನನ್ನೇ ನೀನು ಯಾರು ಎಂದು ಕೇಳಿದಳು. ಕ್ವಿನೈನ್ ಬೇಕೆಂದು ಮಡಿವಾಳಯ್ಯ ಚಿಂಚೋಳಿಗೆ ಎರಡು ಸಲ ಹೋಗಿ ಬಂದ. ಲಡಾಯಿ ಶುರುವಾದಾಗಿನಿಂದ ಆ ಗುಳಿಗೆಯ ಹೆಸರು ಹೇಳಿದರೆ ಜನ ನಗುತ್ತಾರಂತೆ. ನೀವು ಶಹಾಬಾದಿನ ಔಷಧಿ ಅಂಗಡಿಯಲ್ಲಿ ಕಂಪೌಂಡರ್ ಆಗಿರುವುದಕ್ಕೆ ನಾವು ಇಲ್ಲಿ ಊರ ತುಂಬ ಹೆಮ್ಮೆ ಪಟ್ಟುಕೊಂಡಿದ್ದೇವೆ. ಆ ಹೆಮ್ಮೆ ಈಗ ಉಪಯೋಗಕ್ಕೆ ಬರಲಿ.

ಇನ್ನೊಂದು ಮಾತು. ಅದಕ್ಕಾಗಿಯೇ ಮುಖ್ಯವಾಗಿ ಬರೆಯುತ್ತಿದ್ದೇನೆ. ಕೂಸಿಗೆ ಮೂರೂವರೆ ತಿಂಗಳು, ತಾಯಿಯ ಹಾಲು ಬಿಟ್ಟರೆ ಬೇರೆ ಏನೂ ಕಂಡದ್ದಲ್ಲ. ನಮ್ಮವ್ವ ಮಹಾದೇವಮ್ಮ, "ಜ್ವರದ ಹಾಲು ಇಷ, ಅದರಾಗ ಕಹಿ ಗುಳಿಗಿ ನುಂಗಿದ್ರ ಕೂಸು ಉಳೀತದೇನು?" ಎನ್ನುತ್ತಾಳೆ. ನಿಮ್ಮ ತಂಗಿ ಮೈಮೇಲೆ ಎಚ್ಚರವಿದ್ದಾಗಲೆಲ್ಲ, "ನನ್ನ ಕೂಸಿಗಿ ನಾನೇ ಕುಡಸ್ತೀನಿ" ಎಂದು ಕೈ ಚಾಚುತ್ತಾಳೆ. ದಿನಾ ಇದೇ ಜಗಳ. ನಾನು ನಡುವೆ ಬಿದ್ದು, ಗುರುಲಿಂಗಯ್ಯನವರು ಏನು ಬರೆಯುತ್ತಾರೋ ಅದೇ ಕೊನೆ ಮಾತು ಎಂದು ಇಬ್ಬರನ್ನೂ ಒಪ್ಪಿಸಿದ್ದೇನೆ. ಔಷಧಿ ನುಂಗುವ ತಾಯಿ ಹಾಲು ಕೊಡಬಹುದೋ ಬಾರದೋ, ಸ್ಪಷ್ಟವಾಗಿ ಬರೆದು ಕಳಿಸಿರಿ. ಈ ಮನೆಯಲ್ಲಿ ಓದುವವಳು ನಾನೊಬ್ಬಳೇ. ಓದಿ ಹೇಳುವ ಜವಾಬ್ದಾರಿ ನನ್ನದು.

ಶಿವಕಾಂತಮ್ಮ


ಶಹಾಬಾದ
9 ಸೆಪ್ಟೆಂಬರ್ 1943

ಶಿವಕಾಂತಮ್ಮ ಅಕ್ಕನವರಿಗೆ ಗುರುಲಿಂಗಯ್ಯನ ಶರಣು.

ನಿಮ್ಮ ಪತ್ರ ನಿನ್ನೆ ಸಂಜೆ ಮುಟ್ಟಿತು. ಕ್ವಿನೈನ್ ಗುಳಿಗೆ ನಲವತ್ತೆರಡು ಹೊಂದಿಸಿದ್ದೇನೆ. ಎಲ್ಲಿಂದ ಹೊಂದಿಸಿದೆ ಎಂದು ಕೇಳಬೇಡಿರಿ, ವಾಡಿಯ ತನಕ ಯಾರ ಯಾರ ಬಾಗಿಲು ಬಡಿದೆ ಎಂದು ನನಗೇ ನೆನಪಿಲ್ಲ. ನಿಮ್ಮ ಊರಿನ ಗಾಡಿ ಮಾಣಿಕಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲು ಗೊತ್ತು ಮಾಡಲು ಬಂದವನು ಸಿಕ್ಕಿದ್ದು ಪುಣ್ಯ. ಅವನ ರೈಲಿಗೆ ಇನ್ನು ಕಾಲು ಗಂಟೆ ಇದೆ, ಅಂಗಡಿಯ ಮುಂದೆ ನಲವತ್ತು ಜನ ನಿಂತಿದ್ದಾರೆ, ನಮ್ಮ ಡಾಕ್ಟರ್ ಸಾಹೇಬರು ಒಳಗಿನಿಂದ ನನ್ನ ಹೆಸರು ಹಿಡಿದು ಕೂಗುತ್ತಿದ್ದಾರೆ. ಆದ್ದರಿಂದ ಬಾಟಲಿಗೆ ಅಂಟಿಸುವ ಚೀಟಿಯ ಹಾಗೆ ಬರೆಯುತ್ತೇನೆ. ಕಂಪೌಂಡರನ ಮಾತು ಚೀಟಿಯ ಅಗಲ ಮೀರಬಾರದು ಎಂಬುದು ನನ್ನ ಹಟ, ನಿಮಗೆ ಗೊತ್ತೇ ಇದೆ.

ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಎರಡು ಗುಳಿಗೆ, ಏಳು ದಿನ. ಮೂರು ದಿನಕ್ಕೆ ಜ್ವರ ಇಳಿದರೂ ಏಳು ದಿನ.
ಬರಿ ಹೊಟ್ಟೆಯಲ್ಲಿ ಗುಳಿಗೆ ಕೊಡಬೇಡಿರಿ.
ನಿದ್ದೆಗೆಂದು ಯಾರು ಹೇಳಿದರೂ ಅಫೀಮು ಕೊಡಬೇಡಿರಿ.
ಕೂಸಿಗೆ ಹಾಲು ಬಿಡಬೇಡಿರಿ.

ಕಡೆಯ ಮಾತು ಎಲ್ಲಕ್ಕಿಂತ ದೊಡ್ಡದು. ಮಹಾದೇವಮ್ಮ ಅತ್ತೆಯವರಿಗೆ ಎರಡೆರಡು ಸಲ ಓದಿ ಹೇಳಿರಿ. ಕಿವಿ ಗುಂಯ್ ಅಂದರೆ ಹೆದರಬಾರದೆಂದು ಭಾಗಮ್ಮನಿಗೆ ಹೇಳಿರಿ, ಅದು ಔಷಧಿಯ ಗುಣ. ಬಸ್ಸಮ್ಮನಿಗೆ ಮಾವನ ಮುದ್ದು.

ಗುರುಲಿಂಗಯ್ಯ


ಚಿಮ್ಮನಚೋಡ
16 ಸೆಪ್ಟೆಂಬರ್ 1943

ಗುರುಲಿಂಗಯ್ಯನವರಿಗೆ ಶಿವಕಾಂತಮ್ಮನ ಶರಣು.

ಗುಳಿಗೆ ಶನಿವಾರ ಮುಟ್ಟಿದವು. ನೀವು ಬರೆದಂತೆ ಅಕ್ಷರ ತಪ್ಪದೆ ನಡೆದಿದ್ದೇವೆ. ಐದು ದಿನವಾಯಿತು. ನಿನ್ನೆ ಚಳಿ ಹತ್ತಲಿಲ್ಲ. ಭಾಗಮ್ಮನ ಕಣ್ಣಿನಲ್ಲಿ ಗುರುತು ಬಂದಿದೆ, ಜೋಳದ ಅಂಬಲಿ ಎರಡು ಬಟ್ಟಲು ಕುಡಿದಳು. ಕಿವಿ ಗುಂಯ್ ಅನ್ನುತ್ತದೆ, "ನಮ್ಮಣ್ಣ ಕಿವ್ಯಾಗ ಜೇನ ಬಿಟ್ಟಾನ" ಎಂದಳು. ಮೂರು ವಾರಗಳ ಮೇಲೆ ನಾವು ಕೇಳಿದ ಮೊದಲ ಚೇಷ್ಟೆಯ ಮಾತು ಅದು.

ನಿಮ್ಮ ಕಡೆಯ ಮಾತನ್ನೂ ಪಾಲಿಸಿದ್ದೇವೆ. ಕೂಸಿಗೆ ಹಾಲು ಬಿಟ್ಟಿಲ್ಲ. ಅದೇನು ಸುಲಭದ ಮಾತೆಂದು ತಿಳಿಯಬೇಡಿರಿ. ಕೂಸು ಅಳುತ್ತದೆ, ತಾಯಿ ಅಳುತ್ತಾಳೆ, ನಾನು ಕಲ್ಲಿನಂತೆ ಇಬ್ಬರ ನಡುವೆ ಕೂತಿರುತ್ತೇನೆ. ನಿಮ್ಮ ತಂಗಿಗೆ ನಿಮ್ಮ ಮೇಲೆ ಭಾರೀ ಸಿಟ್ಟು. "ನಮ್ಮಣ್ಣಗ ಮನಸ್ಸು ಅನ್ನೂದ ಇಲ್ಲೇನ್ರಿ ಅಕ್ಕಾ?" ಎಂದು ನನ್ನನ್ನು ಕೇಳುತ್ತಾಳೆ. ಗುಣವಾಗಲಿ, ಆಮೇಲೆ ನೀವೇ ಬಂದು ಸಮಾಧಾನ ಮಾಡಿರಿ. ಕೂಸು ಸ್ವಲ್ಪ ಸೊರಗಿದೆ. ಎರಡು ದಿನದಿಂದ ಹೊಟ್ಟೆಯೂ ನೆಟ್ಟಗಿಲ್ಲ. ಬೇರೆ ಏನೂ ಚಿಂತೆಯಿಲ್ಲ.

ಶಿವಕಾಂತಮ್ಮ


ಶಹಾಬಾದ
20 ಸೆಪ್ಟೆಂಬರ್ 1943

ಶಿವಕಾಂತಮ್ಮ ಅಕ್ಕನವರಿಗೆ ಗುರುಲಿಂಗಯ್ಯನ ಶರಣು.

ನಿಮ್ಮ ಪತ್ರ ಓದಿ ಅಂಗಡಿಯಲ್ಲಿ ಒಬ್ಬನೇ ನಕ್ಕೆ. ಕಲ್ಲಿನಂತೆ ಕೂತಿದ್ದೇನೆ ಎಂದು ಬರೆದಿದ್ದೀರಿ. ಶಹಾಬಾದಿನಲ್ಲಿ ಇಷ್ಟೊಂದು ಕಲ್ಲಿದ್ದರೂ ನಿಮ್ಮಂಥ ಗಟ್ಟಿ ಕಲ್ಲು ಇಲ್ಲಿ ಸಿಕ್ಕಿಲ್ಲ. ಅತ್ತೆಯವರ ಎದುರು ನಿಂತು ನನ್ನ ಮಾತು ನಡೆಸಿದಿರಲ್ಲ, ಅದಕ್ಕೆ ಏನು ಹೇಳಲಿ. ಹಾಲು ಬಿಟ್ಟಿಲ್ಲ ಎಂಬ ಸಾಲನ್ನು ಮೂರು ಸಲ ಓದಿದೆ. ನನ್ನ ಎದೆಯ ಮೇಲಿನ ಭಾರ ಇಳಿಯಿತು. ಆ ಭಾರ ಯಾವುದು ಎಂದು ಎಂದಾದರೂ ಎದುರಿಗೆ ಕೂತಾಗ ಹೇಳುತ್ತೇನೆ, ಕಾಗದದ ಮೇಲೆ ಬೇಡ.

ಭಾಗಮ್ಮ ಸಿಟ್ಟಾಗಲಿ. ನಿತ್ರಾಣದಲ್ಲಿ ಕೂಸಿನ ಕಾಟ ಹೆಚ್ಚೆನಿಸುತ್ತದೆ. ಬಸ್ಸಮ್ಮ ಅಳುವುದಕ್ಕೂ ಹೊಟ್ಟೆ ಕೆಟ್ಟದ್ದಕ್ಕೂ ಹೆದರಬೇಡಿರಿ, ಹಾಲಿನ ರುಚಿ ಒಂದಿಷ್ಟು ಕಹಿಯಾಗಿದ್ದೀತು, ಅಷ್ಟೆ. ಗುಳಿಗೆ ಮುಗಿದರೆ ತಾನೇ ಸರಿಹೋಗುತ್ತದೆ. ಯಾರು ಏನೇ ಅಂದರೂ ಈಗ ನಡೆದಿರುವಂತೆಯೇ ನಡೆಯಲಿ. ಒಂದು ದಿನವೂ ತಪ್ಪಬಾರದು.

ಇಲ್ಲಿ ಗಣಿಯ ಕೂಲಿಗಳಲ್ಲಿ ಜ್ವರ ಜೋರಾಗಿದೆ. ಡಾಕ್ಟರ್ ಸಾಹೇಬರೂ ಮಲಗಿದ್ದಾರೆ. ಒಬ್ಬನೇ ಮಿಕ್ಸ್ಚರ್ ಮಾಡಿ, ಒಬ್ಬನೇ ಚೀಟಿ ಬರೆದು, ಒಬ್ಬನೇ ಬೈಸಿಕೊಳ್ಳುತ್ತಿದ್ದೇನೆ.

ಗುರುಲಿಂಗಯ್ಯ


ಚಿಮ್ಮನಚೋಡ
23 ಸೆಪ್ಟೆಂಬರ್ 1943

ಗುರುಲಿಂಗಯ್ಯನವರಿಗೆ ಶರಣು.

ನಿಮ್ಮ ಪತ್ರ ಈಗ ಬಂತು, ಟಪಾಲಿನವನನ್ನು ಕಟ್ಟೆಯ ಮೇಲೆ ಕೂಡಿಸಿ ಬರೆಯುತ್ತಿದ್ದೇನೆ. ಭಾಗಮ್ಮನ ಜ್ವರ ಹೋಯಿತು. ಎದ್ದು ಕೂರುತ್ತಾಳೆ. ಗುಳಿಗೆ ಭಾನುವಾರಕ್ಕೇ ಮುಗಿದವು. ಆದರೆ ಕೂಸು ನೋಡುವ ಹಾಗಿಲ್ಲ.

ಆಡಿನ ಹಾಲಿಗೆ ನೀರು ಬೆರೆಸಿ ಬಟ್ಟೆಯ ಬತ್ತಿಯಿಂದ ಬಾಯಿಗೆ ಹಿಂಡುತ್ತೇವೆ. ಕುಡಿದದ್ದಕ್ಕಿಂತ ಕಾರುವುದೇ ಹೆಚ್ಚು. ದಿನಕ್ಕೆ ಎಂಟು ಹತ್ತು ಸಲ ನೀರಿನಂತೆ ಹೋಗುತ್ತದೆ. ನೆತ್ತಿ ಗುಳಿ ಬಿದ್ದಿದೆ. ಮೊದಲು ಓಣಿಯ ತುದಿಗೆ ಕೇಳುವಂತೆ ಅಳುತ್ತಿತ್ತು, ಈಗ ಬಾಯಿ ತೆರೆಯುತ್ತದೆ, ದನಿ ಬರುವುದಿಲ್ಲ. ನೀವು ಹಾಲಿನ ರುಚಿ ಕಹಿ ಎಂದು ಬರೆದಿದ್ದೀರಿ. ಆಡಿನ ಹಾಲು ಹೇಗೆ ಕಹಿಯಾಗುತ್ತದೆ? ನನಗೆ ತಿಳಿಯಲಿಲ್ಲ.

ಹಾಲು ಬತ್ತಲೆಂದು ಭಾಗಮ್ಮನ ಎದೆಗೆ ಮಲ್ಲಿಗೆ ಹೂ ಕಟ್ಟಿದ್ದೆವು. ಊರಿನ ಹೂ ಮುಗಿದು ಚಿಂಚೋಳಿಯಿಂದ ತರಿಸಿದೆವು. ಈಗ ಹಾಲು ಬಹುತೇಕ ಬತ್ತಿದೆ. ಗುಳಿಗೆಯೂ ಮುಗಿಯಿತು, ಜ್ವರವೂ ಹೋಯಿತು. ಇನ್ನಾದರೂ ಕೂಸನ್ನು ಎದೆಗೆ ಹಾಕಬಹುದೇ? ಒಂದು ದಿನವೂ ತಪ್ಪಬಾರದು ಎಂದಿರಿ, ಅದಕ್ಕೆ ಕೈಕಟ್ಟಿ ಕೂತಿದ್ದೇವೆ. ಗುರುಲಿಂಗಯ್ಯನವರೆ, ಹೂಂ ಎಂದು ಒಂದು ಅಕ್ಷರ ಬರೆಯಿರಿ. ಬೇಗ ಬರೆಯಿರಿ.

ಶಿವಕಾಂತಮ್ಮ


ಸೇಡಂ
28 ಸೆಪ್ಟೆಂಬರ್ 1943

ಅಕ್ಕನವರೆ,

ಈ ಸಾಲು ಓದಿದೊಡನೆ ಪತ್ರ ಕೆಳಗಿಟ್ಟು ಬಸ್ಸಮ್ಮನನ್ನು ಭಾಗಮ್ಮನ ಎದೆಗೆ ಹಾಕಿರಿ. ಉಳಿದದ್ದನ್ನು ಆಮೇಲೆ ಓದಿರಿ.

ಹಾಲು ಕುಡಿಸಬೇಕು. ಕುಡಿಸಬೇಕು. ಕುಡಿಸಬೇಕು. ಮೊದಲ ದಿನದಿಂದ ನಾನು ಹೇಳಿದ್ದು ಅದನ್ನೇ. ಕ್ವಿನೈನ್ ನುಂಗಿದ ತಾಯಿಯ ಹಾಲಿನಲ್ಲಿ ಔಷಧಿ ಇಳಿಯುವುದು ಹೆಸರಿಗೆ ಮಾತ್ರ. ಅದು ಕೂಸನ್ನು ಏನೂ ಮಾಡುವುದಿಲ್ಲ. ಚಳಿಜ್ವರವೂ ಹಾಲಿನಲ್ಲಿ ಕೂಸಿಗೆ ಬರುವುದಿಲ್ಲ.

ಹಾಲು ಬತ್ತಿದ್ದರೂ ಎದೆಗೆ ಹಾಕಿರಿ. ಗಳಿಗೆಗೊಮ್ಮೆ ಹಾಕಿರಿ. ಕೂಸು ಚೀಪಿದರೆ ಹಾಲು ತಿರುಗಿ ಬರುತ್ತದೆ. ಚೀಪುವ ಶಕ್ತಿ ಇಲ್ಲದಿದ್ದರೆ ಬಿಸಿನೀರಿನ ಬಟ್ಟೆಯಿಂದ ಎದೆ ಕಾಸಿ ಕೈಯಿಂದ ಹಿಂಡಿ, ಬಂದ ಹನಿಯನ್ನು ಬೆಳ್ಳಿ ಚಮಚದಲ್ಲಿ ಬಾಯಿಗೆ ಹಾಕಿರಿ. ನಡುನಡುವೆ ಕಾಸಿ ಆರಿಸಿದ ಗಂಜಿತಿಳಿಗೆ ಚಿಟಿಕೆ ಉಪ್ಪು ಹಾಕಿ ಹನಿಹನಿಯಾಗಿ ಕೊಡಿರಿ. ಬಟ್ಟೆಯ ಬತ್ತಿ ಒಲೆಗೆ ಹಾಕಿರಿ. ಹೂ ಕಿತ್ತೆಸೆಯಿರಿ. ಅಳು ನಿಲ್ಲಲೆಂದು ಅಫೀಮಿನ ಗುಳಿಗೆ ನೆಕ್ಕಿಸಿದ್ದರೆ ಇನ್ನು ಖಂಡಿತ ಬೇಡ. ಭಾಗಮ್ಮ ಹೊಟ್ಟೆ ತುಂಬ ಉಣ್ಣಲಿ, ಹೊಟ್ಟೆ ತುಂಬ ನೀರು ಕುಡಿಯಲಿ.

ನಿಮ್ಮ ಪತ್ರ ಭಾನುವಾರ ಮುಟ್ಟಿತು. ಎರಡು ಸಲ ಓದಿದರೂ ಆಡಿನ ಹಾಲು ಎಲ್ಲಿಂದ ಬಂತು, ಹೂ ಯಾಕೆ ಎಂದು ತಲೆಗೆ ಹೊಳೆಯಲಿಲ್ಲ. ಮೂರನೆಯ ಸಲ ಹೊಳೆಯಿತು. ಕೂಸಿಗೆ ಹಾಲು ಬಿಡಬೇಡಿರಿ ಎಂದು ಬರೆದೆನಲ್ಲ. ಅಂಗಡಿಯಲ್ಲಿ ನಾನು ದಿನಕ್ಕೆ ಹತ್ತು ಸಲ ಹೇಳುವ ಮಾತು, ಬೀಡಿ ಬಿಡ್ರಿ, ಶೇಂದಿ ಬಿಡ್ರಿ, ಔಷಧ ನಡುವ ಬಿಡಬ್ಯಾಡ್ರಿ ಎಂದು. ಬಿಡುವುದೆಂದರೆ ನನ್ನ ತಲೆಯಲ್ಲಿ ನಿಲ್ಲಿಸುವುದು. ನಿಮ್ಮ ಮನೆಯಲ್ಲಿ ಬೆಳಿಗ್ಗೆ ಸಂಜೆ ಕರು ಬಿಡುತ್ತೀರಿ. ಅಲ್ಲಿ ಬಿಡುವುದೆಂದರೆ ಕುಡಿಯಗೊಡುವುದು. ಎರಡು ಬೇಡಗಳ ಕೆಳಗೆ ಮೂರನೆಯ ಬೇಡವನ್ನು ನಾನೇ ತಂದು ಕೂಡಿಸಿದೆ. ಹಾಲು ಬಿಟ್ಟಿಲ್ಲ ಎಂದು ನೀವು ಬರೆದಾಗ ಕುಣಿದಾಡಿದೆ. ತಪ್ಪು ನಿಮ್ಮದಲ್ಲ. ಸೊಗಸಾಗಿ ಚೀಟಿ ಬರೆಯುತ್ತೇನೆಂಬ ನನ್ನ ಸೊಕ್ಕಿನದು.

ಎದುರಿಗೆ ಕೂತು ಹೇಳುತ್ತೇನೆಂದ ಭಾರ ಈಗಲೇ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಭೀಮಮ್ಮ ಎಂಬ ಗಣಿಯ ಹೆಂಗಸು ಇದೇ ಕ್ವಿನೈನ್ ಒಯ್ಯಲು ಬಂದಿದ್ದಳು, ಕಂಕುಳಲ್ಲಿ ಗಂಡು ಕೂಸು. "ಹಾಲು ಕುಡಸಬಹುದೇನ್ರಿ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ, ಯಾವುದಕ್ಕೂ ಇರಲಿ ಎಂದು ಬೇಡ ಅಂದೆ. ಇಪ್ಪತ್ತು ದಿನಕ್ಕೆ ಖಾಲಿ ಕಂಕುಳಿನಿಂದ ಬಂದು ಖಾಲಿ ಬಾಟಲಿ ತಿರುಗಿ ಕೊಟ್ಟಳು. ಅವತ್ತು ಡಾಕ್ಟರರ ಪುಸ್ತಕಗಳನ್ನೆಲ್ಲ ತೆಗೆದು, ಯಾವ ಔಷಧಿ ಹಾಲಿನಲ್ಲಿ ಇಳಿಯುತ್ತದೆ, ಯಾವುದು ಇಳಿಯುವುದಿಲ್ಲ ಎಂದು ಅವರನ್ನು ಪೀಡಿಸಿ ಪೀಡಿಸಿ ಕಲಿತೆ. ಅಲ್ಲಿಂದ ಇಲ್ಲಿಯವರೆಗೆ ಎಷ್ಟೋ ತಾಯಂದಿರಿಗೆ ಸರಿಯಾಗಿ ಹೇಳಿದ್ದೇನೆ. ನನ್ನ ತಂಗಿಯ ಕೂಸಿಗೆ ಮಾತ್ರ ಹೀಗೆ.

ಅಂಗಡಿಗೆ ಬೀಗ ಹಾಕಿ ಬಂದೆ. ಇಲ್ಲಿಂದ ಮುಂದೆ ಕಾಗಿಣಾ ಎರಡೂ ದಂಡೆ ಮೀರಿ ಹರಿಯುತ್ತಿದೆ, ಹರಿಗೋಲು ಹಾಕುವುದಿಲ್ಲ ಎನ್ನುತ್ತಾರೆ. ನನಗೆ ಈಜು ಬಾರದು. ಹೊಳೆಯ ದಂಡೆಯ ಭೀಮಶಾ ಸೋರೆಬುರುಡೆ ಕಟ್ಟಿಕೊಂಡು ಈಜುತ್ತಾನೆ, ಈ ಪತ್ರವನ್ನು ಮೇಣಗಾಗದದಲ್ಲಿ ಸುತ್ತಿ ಅವನ ತಲೆಗೆ ಕಟ್ಟಿದ್ದೇನೆ. ಜ್ವರ ಮರುಕಳಿಸಿದರೆ ಎಂದು ಹನ್ನೆರಡು ಗುಳಿಗೆಯೂ ಇವೆ. ನಾನು ಸೇಡಂ ಧರ್ಮಶಾಲೆಯಲ್ಲಿದ್ದೇನೆ. ನೀರು ಇಳಿದ ಗಳಿಗೆಗೆ ಹೊರಡುತ್ತೇನೆ. ಭೀಮಶಾನ ಕೈಯಲ್ಲೇ ಎರಡು ಸಾಲು ಬರೆದು ಕಳಿಸಿರಿ. ಕೂಸು ಇದೆ ಎಂದು ಬರೆಯಿರಿ.

ಗುರುಲಿಂಗಯ್ಯ


ಚಿಮ್ಮನಚೋಡ
4 ಅಕ್ಟೋಬರ್ 1943

ಗುರುಲಿಂಗಯ್ಯನವರಿಗೆ ಶಿವಕಾಂತಮ್ಮನ ಶರಣು.

ಭೀಮಶಾ ಗುರುವಾರ ಮಧ್ಯಾಹ್ನ ಬಂದ. ನೀವು ಹೇಳಿದಂತೆ ಮೊದಲ ಸಾಲು ಓದಿ ಪತ್ರ ಎಸೆದು ಕೂಸನ್ನು ಎದೆಗೆ ಹಾಕಿದೆವು. ಭಾಗಮ್ಮ ನನ್ನ ಮುಖ ನೋಡಲಿಲ್ಲ. ಕೂಸಿನ ಬಾಯಿ ಎದೆಗೆ ತಾಗಿದ್ದೇ ತಡ, ಹಿಡಿಯಿತು. ಮೂರು ವಾರ ಮರೆಸಿದರೂ ಮರೆತಿರಲಿಲ್ಲ. ನಾಲ್ಕು ಸಲ ಚೀಪಿ ಸುಸ್ತಾಯಿತು. ಆಮೇಲೆ ಚಮಚ, ಗಂಜಿತಿಳಿ, ಬಿಸಿ ಬಟ್ಟೆ, ನೀವು ಬರೆದದ್ದರಲ್ಲಿ ಒಂದನ್ನೂ ಬಿಡದೆ ಮಾಡಿದೆವು. ಅಫೀಮು ನಾವು ಕೊಟ್ಟಿರಲಿಲ್ಲ. ಆ ಮಾತು ಸ್ಪಷ್ಟವಾಗಿ ಬರೆದಿದ್ದಿರಿ. ಶುಕ್ರವಾರವೆಲ್ಲ ಕೂಸು ಎದೆಯ ಮೇಲೆಯೇ ಇತ್ತು. ಶನಿವಾರ ಬೆಳಿಗ್ಗೆ ದನ ಹೊರಗೆ ಬಿಡುವ ಹೊತ್ತಿಗೆ ಹೋಯಿತು. ಹೊಲದಲ್ಲಿ ನಮ್ಮ ಅಪ್ಪನ ಮಗ್ಗುಲಲ್ಲಿ ಮಣ್ಣು ಮಾಡಿದೆವು.

ತಪ್ಪು ನಿಮ್ಮದಲ್ಲ ಎಂದು ನನಗೆ ಬರೆದಿರಿ. ಹಾಗೆ ಬರೆಯಬೇಡಿರಿ, ನನ್ನಿಂದ ತಾಳಲಾಗುವುದಿಲ್ಲ. ನಿಮ್ಮ ಮೊದಲ ಪತ್ರ ಮನೆಯವರ ಎದುರು ಓದುವಾಗ ಆ ಸಾಲಿಗೆ ಬಂದು ನನ್ನ ನಾಲಿಗೆ ನಿಂತಿತ್ತು. ಬಿಡಬೇಡಿರಿ ಎಂದರೆ ಯಾವುದು ಎಂದು ಒಂದು ಗಳಿಗೆ ಅನುಮಾನ ಬಂತು. ಅಷ್ಟರಲ್ಲಿ ಅವ್ವ, "ನೋಡು, ನಾ ಹೇಳಿದ್ದೇ ಬರದಾರ" ಎಂದಳು. ಭಾಗಮ್ಮ ಹಾಸಿಗೆಯಿಂದ, "ನಮ್ಮಣ್ಣ ಹಂಗ ಬರಿಯಾಂಗಿಲ್ಲ, ಇನ್ನೊಮ್ಮಿ ಓದ್ರಿ ಅಕ್ಕಾ" ಎಂದಳು. ಇನ್ನೊಮ್ಮೆ ಓದಿದೆ. ಅವ್ವ ಹೇಳಿದ ಅರ್ಥ ಬರುವ ಹಾಗೆಯೇ ಓದಿದೆ. ಓದಬಲ್ಲವಳು ನಾನೊಬ್ಬಳೇ ಎಂದು ಜಂಬ ಪಟ್ಟವಳು, ನನಗೆ ಅರ್ಥವಾಗಲಿಲ್ಲ ಎಂದು ಹೇಗೆ ಹೇಳಲಿ? ನಿಮ್ಮ ಹಾಗೆಯೇ ನನಗೂ ನಾಚಿಕೆಯಾಯಿತು. ತಿರುಗಿ ಬರೆದು ಕೇಳಬಹುದಿತ್ತು. ಕೇಳಲಿಲ್ಲ. ಇದನ್ನು ಭಾಗಮ್ಮನಿಗೂ ಹೇಳಿದ್ದೇನೆ.

ನಿನ್ನೆ ಅವಳಿಗೆ ಹಾಲು ಬಂದಿದೆ. ನೀವು ತಿರುಗಿ ಬರುತ್ತದೆ ಎಂದಿರಿ, ಬಂತು. ಎದೆ ಬಿಗಿದು ರವಿಕೆಯೆಲ್ಲ ತೊಯ್ದಿದೆ, ನೋವಿಗೆ ಹಲ್ಲು ಕಚ್ಚುತ್ತಾಳೆ. ಹೂ ಕಟ್ಟಲು ಹೋದರೆ ಕೈ ತಳ್ಳುತ್ತಾಳೆ. ಏನು ಮಾಡಬೇಕು ಎಂದು ನೀವೇ ಬಂದು ಹೇಳಿರಿ. ಪತ್ರದಲ್ಲಿ ಬೇಡ.

ಇವತ್ತು ಬೆಳಿಗ್ಗೆ ನಡೆದದ್ದು ಬರೆದು ಮುಗಿಸುತ್ತೇನೆ. ನಮ್ಮ ಓಣಿಯ ಅಮೀರ್ ಅಲಿಯ ಹೆಂಡತಿ ರಶೀದಾಬೇಗಂ ಚಳಿಜ್ವರದಲ್ಲಿ ನಡುಗುತ್ತಾ ಬಂದಳು, ಬಗಲಲ್ಲಿ ಐದು ತಿಂಗಳ ಕೂಸು. ನಮ್ಮ ಮನೆಯಲ್ಲಿ ಗುಳಿಗೆ ಉಳಿದಿವೆ ಎಂದು ಕೇಳಿದ್ದಳಂತೆ. ನೀವು ಕಳಿಸಿದ ಹನ್ನೆರಡನ್ನೂ ಅವಳ ಸೆರಗಿಗೆ ಹಾಕಿ, ನಿಮ್ಮ ಅಂಗಡಿಯ ಹಾಗೆ ಲೆಕ್ಕ ಹೇಳಿದೆ. ಅವಳು ಹೊರಡದೆ ಪಡಸಾಲೆಯಲ್ಲಿ ನಿಂತೇ ಇದ್ದಳು. ಆಮೇಲೆ ಮೆಲ್ಲಗೆ, "ಈ ಗುಳಿಗಿ ನುಂಗಿ ಕೂಸಿಗಿ ಹಾಲು ಕುಡಸಬಹುದೇನ್ರಿ ಅಮ್ಮಾ?" ಎಂದು ಕೇಳಿದಳು.

ಅವ್ವ ಶನಿವಾರದಿಂದ ಯಾರೊಂದಿಗೂ ಮಾತಾಡಿರಲಿಲ್ಲ, ಒಂದು ತುತ್ತು ಬಾಯಿಗೆ ಹಾಕಿರಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದವಳು ಎದ್ದು ಬಂದಳು. "ಕುಡಸವ್ವಾ" ಎಂದಳು. "ಈಗ ಇಲ್ಲೇ ಕುಂತು ಕುಡಸು, ನಾ ನೋಡ್ತೀನಿ. ಜ್ವರ ಬಂದ್ರೂ ಕುಡಸು, ಗುಳಿಗಿ ನುಂಗಿದ್ರೂ ಕುಡಸು. ಯಾರರ ಬ್ಯಾಡಂದ್ರ ನನ್ನ ಹಂತ್ಯಾಕ ಕಳಸು." ರಶೀದಾಬೇಗಂ ಹೆದರಿ ಅಲ್ಲೇ ಕಂಬಕ್ಕೆ ಒರಗಿ ಕೂತು ಸೆರಗು ಮರೆ ಮಾಡಿದಳು. ಅವ್ವ ಎದುರಿಗೆ ಕೂತಳು. ಕೂಸು ಗಟಗಟ ಕುಡಿಯುವ ಸಪ್ಪಳ ಮನೆಯೊಳಗೆಲ್ಲ ಕೇಳುತ್ತಿತ್ತು.

ಒಳಗೆ ಭಾಗಮ್ಮ ಕಣ್ಣು ತೆರೆದು ಮಲಗಿದ್ದಳು. ನಾನು ಓಡಿ ಹೋಗಿ ನಡುಮನೆಯ ಕದ ಮುಂದೆ ಮಾಡಲು ಹಿಡಿದೆ.

"ಮುಚ್ಚಬ್ಯಾಡ್ರಿ ಅಕ್ಕಾ" ಎಂದಳು.

ಶಿವಕಾಂತಮ್ಮ